ಹಳೆಯ ಲೇತು ಹೊಸ ನೆಲಕ್ಕೆ ಬಂದಾಗ: ಟೇಪರ್ ಹುಡುಕಿ ತೆಗೆದ ಬಗೆ

ತೀರ್ಥಹಳ್ಳಿ ಕಡೆಯ ಅಡಿಕೆ ಸುಲಿಯುವ ಮಷಿನ್ ಒಂದಕ್ಕೆ ಹೊಸ ಬೇರಿಂಗ್ ಹೌಸಿಂಗ್ ಬೇಕಿತ್ತು. 150 ಮಿ.ಮೀ. ಉದ್ದದ ದಪ್ಪ ಪೈಪು, ಎರಡು ತುದಿಗೂ ಒಂದೊಂದು 6205 ನಂಬರಿನ ಬೇರಿಂಗ್, ಮಧ್ಯೆ ಸ್ಪೇಸರ್. 6205ರ ಹೊರವ್ಯಾಸ 52 ಮಿ.ಮೀ. ಹಾಗಾಗಿ ಕೆಲಸ ಸರಳ: ಲೇತಿನ ಚಕ್‌ನಲ್ಲಿ (ತುಂಡನ್ನು ಹಿಡಿದು ತಿರುಗಿಸುವ ಭಾಗ) ಹಿಡಿದು ಆಚೆಯಿಂದ ಈಚೆಗೆ ಒಂದೇ ಸಮ 52ಕ್ಕೆ ಬೋರ್ ಮಾಡುವುದು, ಅಂದರೆ ಒಳಗಡೆ ಕೊಯ್ಯುವುದು. ಬೋರ್ ಮಾಡಿ ಅಳೆದರೆ ಚಕ್ ಕಡೆ 52.005, ಬಾಯಿ ಕಡೆ 52.035. ಚಕ್ ಕಡೆ ಬೇರಿಂಗ್ ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಜಾರುತ್ತೆ, ಬಾಯಿ ಕಡೆ ಸುಮ್ನೆ ಬಿಟ್ಟರೂ ಒಳಗೆ ಬೀಳುತ್ತೆ. ಇಂಥ ಸೀಟಿಗೆ (ಬೇರಿಂಗ್ ಕೂರುವ ಜಾಗ) ಎಚ್7 ಅನ್ನುವ ಅಳತೆ ಮಿತಿ ಅಂದರೆ 52.000ದಿಂದ 52.030. ಬಾಯಿ ಕಡೆ ಆ ಗೆರೆ ದಾಟಿದೆ. ಬೇರಿಂಗಿನ ಹೊರ ರಿಂಗ್ ಹೌಸಿಂಗ್ ಒಳಗೆ ತಿರುಗಲು ಶುರು ಮಾಡಿದರೆ ಒಂದು ಸುಗ್ಗಿಯೂ ಬಾಳಿಕೆ ಬರುವುದಿಲ್ಲ.

ಲೇತು ಹರಿಹರದ್ದು. ತುಂಗಭದ್ರೆಯ ದಡದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಮಾಲು. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದೇ 1953ರಲ್ಲಿ. ಅದಕ್ಕೂ ಮೊದಲೇ ಹರಿಹರದಲ್ಲಿ ಲೇತು ತಯಾರಾಗುತ್ತಿತ್ತು. ಆ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯ್ತು. ಆದರೆ ಅದರ ಲೇತುಗಳು ಇವತ್ತಿಗೂ ನಮ್ಮ ಊರುಗಳ ಶೆಡ್ಡುಗಳಲ್ಲಿ ಅನ್ನ ದುಡಿದು ಕೊಡುತ್ತಿವೆ. ಅವುಗಳ ಬೀಡಿನ ಬೆಡ್ (ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ತಳ) ನೋಡಿದರೇನೇ ಗೌರವ ಬರುತ್ತೆ ನನಗೆ. ನನ್ನದು ಸೆಂಟರ್ ಎತ್ತರ 165 ಮಿ.ಮೀ., ಸೆಂಟರ್‌ಗಳ (ತುಂಡನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವೆ ಒಂದು ಮೀಟರ್ ಇರುವ ಸೈಜು. ಹಳೆಯ ಜಾಗದಲ್ಲಿ ಚೆನ್ನಾಗಿ ಓಡುತ್ತಿತ್ತು. ಲಾರಿಯಲ್ಲಿ ಬಂದು ಹೊಸ ಶೆಡ್ಡಿನ ಕಾಂಕ್ರೀಟ್ ಮೇಲೆ ಕೂತ ಮೇಲೆ ಈ ಟೇಪರ್, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ವ್ಯಾಸ ಬದಲಾಗುವ ದೋಷ, ಶುರುವಾಗಿದ್ದು.

ಹರಿಹರದಲ್ಲೇ ಟರ್ನರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಹೌಸಿಂಗ್ ತೋರಿಸಿದೆ. ಕೈಯಲ್ಲಿ ಹಿಡಿದು ಬೇರಿಂಗ್ ಹಾಕಿ ತೆಗೆದು ನೋಡಿದರು.

"ಹೆಡ್‌ಸ್ಟಾಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದೀಯೇನಪ್ಪ?"

"ಇಲ್ಲ ಸರ್, ಇನ್ನೂ ಏನೂ ಮುಟ್ಟಿಲ್ಲ."

"ಒಳ್ಳೇದಾಯ್ತು. ಅದು ಕಾರ್ಖಾನೆಯಲ್ಲಿ ಕೂರಿಸಿದ್ದು. ಮೊದ್ಲು ಬೆಡ್ ನೋಡು. ಆಮೇಲೆ ಬಾಕಿದು."

ಲೇತು ಸೆಟ್ ಮಾಡುವ ಕೆಲಸದಲ್ಲಿ ಈ ಕ್ರಮವೇ ಮುಖ್ಯ. ಒಂದರ ಮೇಲೆ ಒಂದು ನಿಂತಿದೆ: ಬೆಡ್, ಅದರ ಮೇಲೆ ಸ್ಪಿಂಡಲ್ (ಹೆಡ್‌ಸ್ಟಾಕ್ ಒಳಗಿದ್ದು ಚಕ್ ತಿರುಗಿಸುವ ಇರುಸು), ಅದಕ್ಕೆ ಹೊಂದಿಕೊಂಡು ಕ್ಯಾರೇಜ್ (ಟೂಲನ್ನು ಬೆಡ್ ಉದ್ದಕ್ಕೆ ಓಡಿಸುವ ಭಾಗ), ಕೊನೆಗೆ ಟೈಲ್‌ಸ್ಟಾಕ್ (ಎದುರು ತುದಿಯಲ್ಲಿ ಸೆಂಟರ್ ಹಿಡಿಯುವ ಭಾಗ). ಕೆಳಗಿನದು ಸರಿ ಇಲ್ಲದೆ ಮೇಲಿನದನ್ನು ಸರಿ ಮಾಡಿದರೆ, ಕೆಳಗಿನದನ್ನು ಸರಿ ಮಾಡಿದ ದಿನ ಮೇಲಿನದೆಲ್ಲ ಕೆಡುತ್ತೆ.

ಎರಡು ಕಾಲರ್ ಪರೀಕ್ಷೆ

ಯಾವುದನ್ನೂ ತಿರುಗಿಸುವ ಮೊದಲು ರೋಗ ಎಷ್ಟಿದೆ ಅಂತ ಅಳೆದು ಬರೆದಿಟ್ಟುಕೊಳ್ಳಬೇಕು. ಸುಮಾರು 50 ಮಿ.ಮೀ. ದಪ್ಪದ ಬಾರ್ ತೆಗೆದುಕೊಂಡು ಚಕ್‌ನಿಂದ 200 ಮಿ.ಮೀ. ಹೊರಗೆ ಬರುವ ಹಾಗೆ ಹಿಡಿದೆ. ಟೈಲ್‌ಸ್ಟಾಕ್ ಸೆಂಟರ್ ಕೊಡಲಿಲ್ಲ. ಬಾರಿನ ಮಧ್ಯಭಾಗವನ್ನು ಎರಡು ಮೂರು ಮಿ.ಮೀ. ಇಳಿಸಿ, ಚಕ್ ಹತ್ತಿರ ಒಂದು, ತುದಿಯಲ್ಲಿ ಒಂದು ಅಗಲ ಪಟ್ಟಿ ಉಳಿಸಿದೆ. ಇವೇ ಕಾಲರ್‌ಗಳು. ಎರಡರ ನಡುವೆ 150 ಮಿ.ಮೀ. ಆಮೇಲೆ ಚೆನ್ನಾಗಿ ಹರಿತ ಮಾಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಎರಡೂ ಪಟ್ಟಿಗೆ ಒಂದೇ ಸೆಟ್ಟಿಂಗ್‌ನಲ್ಲಿ ತೆಳುವಾದ ಫಿನಿಶಿಂಗ್ ಕಟ್. ಟೂಲನ್ನು ಅಡ್ಡಲಾಗಿ ಸರಿಸುವ ಕ್ರಾಸ್ ಸ್ಲೈಡ್ ಹಿಡಿ ಮುಟ್ಟುವ ಹಾಗಿಲ್ಲ, ಕ್ಯಾರೇಜ್ ಮಾತ್ರ ಓಡಬೇಕು.

ಇಲ್ಲಿ ಕಾರ್ಬೈಡ್ ಇನ್ಸರ್ಟ್‌ಗಿಂತ (ಟೂಲಿಗೆ ಕೂರಿಸಿ ಬದಲಿಸುವ ಗಟ್ಟಿ ತುಂಡು) ಎಚ್‌ಎಸ್‌ಎಸ್ ಯಾಕೆ ಅಂದರೆ, ಇನ್ಸರ್ಟಿನ ಮೂತಿ ದುಂಡಗೆ. ತೆಳು ಕಟ್ಟಿನಲ್ಲಿ ಅದು ಕೊಯ್ಯುವುದಕ್ಕಿಂತ ಒತ್ತುವುದೇ ಜಾಸ್ತಿ. ಬಾರ್ ತುದಿಗೆ ಆಸರೆ ಇಲ್ಲ. ಒತ್ತಿದರೆ ಬಾಗುತ್ತೆ, ಬಾಗಿದರೆ ತುದಿ ದಪ್ಪ ಉಳಿಯುತ್ತೆ. ಬಾರ್ ಬಾಗಿದ್ದೋ ಲೇತಿನ ದೋಷವೋ ಗೊತ್ತೇ ಆಗುವುದಿಲ್ಲ. ಬಾರ್ ದಪ್ಪ ಇರಬೇಕು, ಹರಿತ ಜೋರಿರಬೇಕು, ಕಟ್ ತೆಳುವಿರಬೇಕು.

ಮೈಕ್ರೋಮೀಟರ್ ಹಾಕಿದೆ. ತುದಿಯ ಪಟ್ಟಿ ಚಕ್ ಹತ್ತಿರದ್ದಕ್ಕಿಂತ 0.031 ದಪ್ಪ. ಹೌಸಿಂಗ್‌ನಲ್ಲಿ ಬಂದ ವ್ಯತ್ಯಾಸಕ್ಕೆ ಸರಿಯಾಗಿ ತಾಳೆ ಆಯ್ತು. ಹೊರಗಡೆ ಟರ್ನ್ ಮಾಡಿದರೂ ತುದಿ ದೊಡ್ಡದು, ಒಳಗಡೆ ಬೋರ್ ಮಾಡಿದರೂ ಬಾಯಿ ದೊಡ್ಡದು. ಅಂದರೆ ಚಕ್‌ನಿಂದ ದೂರ ಹೋದಂತೆ ಟೂಲಿನ ಮೊನೆ ನನ್ನ ಕಡೆಗೆ, ಅಂದರೆ ಆಪರೇಟರ್ ನಿಲ್ಲುವ ಕಡೆಗೆ ಸರಿಯುತ್ತಿದೆ.

ಇದೇ ಲೇತಿನಲ್ಲಿ ಎರಡು ಸೆಂಟರ್ ನಡುವೆ ಹಿಡಿದು ಮಾಡಿದ ಶಾಫ್ಟುಗಳು ಚೆನ್ನಾಗೇ ಬಂದಿದ್ದವು. ಅದಕ್ಕೇ ಇಷ್ಟು ದಿನ ಯಾರಿಗೂ ಅನುಮಾನ ಬಂದಿರಲಿಲ್ಲ. ಕಾರಣ ಇಷ್ಟೇ: ಬೆಡ್ ತಿರುಚಿಕೊಂಡರೆ ಕ್ಯಾರೇಜ್ ಎಷ್ಟು ವಾಲುತ್ತೋ ಅದೇ ಬೆಡ್ ಮೇಲೆ ಕೂತ ಟೈಲ್‌ಸ್ಟಾಕೂ ಅಷ್ಟೇ ವಾಲುತ್ತೆ. ಟೂಲ್ ಸರಿದಷ್ಟೇ ಸೆಂಟರೂ ಸರಿಯುತ್ತೆ. ಹಾಗಾಗಿ ಸೆಂಟರ್ ನಡುವಿನ ಜಾಬಿನಲ್ಲಿ ತಿರುಚು ಹೆಚ್ಚು ಕಡಿಮೆ ಮುಚ್ಚಿಹೋಗುತ್ತೆ. ಚಕ್‌ನಲ್ಲಿ ಮಾತ್ರ ಹಿಡಿದ ಜಾಬಿನಲ್ಲಿ ಅದು ಎದ್ದು ಕಾಣುತ್ತೆ. ಲೇತು ಕೊಳ್ಳುವಾಗ ಉದ್ದದ ಶಾಫ್ಟ್ ತಿರುಗಿಸಿ ತೋರಿಸಿ "ನೋಡಿ, ಒಂದು ಚೂರೂ ಟೇಪರ್ ಇಲ್ಲ" ಅಂದರೆ ನಂಬಬೇಡಿ. ಟೈಲ್‌ಸ್ಟಾಕ್ ಹಿಂದೆ ಸರಿಸಿ, ಚಕ್‌ನಲ್ಲಿ ಮಾತ್ರ ಬಾರ್ ಹಿಡಿದು ತೋರಿಸಿ ಅನ್ನಿ.

ರಸಮಟ್ಟ ಮತ್ತು ಫೀಲರ್ ಗೇಜ್

ಗಾರೆ ಕೆಲಸದ ರಸಮಟ್ಟ ಇಲ್ಲಿ ಕೆಲಸಕ್ಕೆ ಬಾರದು. ಮಷಿನ್ ಕೂರಿಸುವವರ ರಸಮಟ್ಟ ಬೇಕು. ಅದರಲ್ಲಿ ಗುಳ್ಳೆ ಒಂದು ಗೆರೆ ಸರಿದರೆ ಮೀಟರಿಗೆ 0.02 ಮಿ.ಮೀ. ವಾಲಿದೆ ಅಂತ ಅರ್ಥ. ಪರಿಚಯದ ಟೂಲ್ ರೂಮಿನಿಂದ ಎರವಲು ತಂದೆ.

ಮೊದಲು ಬೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಅಂಗೈ ಆಡಿಸಿ ನೋಡಿದೆ. ಕಣ್ಣಿಗೆ ಕಾಣದ ಪುಟ್ಟ ಏಟಿನ ಗುರುತುಗಳು ಅಂಗೈಗೆ ಸಿಗುತ್ತವೆ. ಅವುಗಳ ಏರು ತುದಿಯನ್ನು ಮಾತ್ರ ಎಣ್ಣೆಕಲ್ಲಿನಲ್ಲಿ ಸವರಿದೆ. ಎಮರಿ ಪೇಪರ್ ಬೇಡ. ಅದರ ಪುಡಿ ಬೆಡ್ಡಿಗೆ ಅಂಟಿ ಉಳಿದರೆ ಕ್ಯಾರೇಜ್ ಓಡಿದಷ್ಟೂ ಉಜ್ಜುತ್ತಲೇ ಇರುತ್ತೆ.

ರಸಮಟ್ಟವನ್ನು ಬೆಡ್ಡಿಗೆ ಅಡ್ಡಲಾಗಿ, ಎರಡು ಒಂದೇ ಎತ್ತರದ ಪ್ಯಾರಲಲ್ ಕಟ್ಟೆಗಳ ಮೇಲೆ ಇಟ್ಟೆ. ಹೆಡ್‌ಸ್ಟಾಕ್ ಪಕ್ಕದಲ್ಲಿ ಗುಳ್ಳೆ ಮಧ್ಯಕ್ಕೆ ಬರುವ ತನಕ ಆ ತುದಿಯ ಲೆವೆಲಿಂಗ್ ಬೋಲ್ಟ್ ತಿರುಗಿಸಿದೆ. ಅಲ್ಲಿಂದ 1200 ಮಿ.ಮೀ. ಆಚೆ, ಟೈಲ್‌ಸ್ಟಾಕ್ ತುದಿಗೆ ರಸಮಟ್ಟವನ್ನು ಅದೇ ದಿಕ್ಕಿನಲ್ಲಿ ಇಟ್ಟರೆ ಗುಳ್ಳೆ ಹಿಂದಿನ ಮೂಲೆಗೆ ಓಡಿ ಗಾಜಿನಾಚೆ ಮಾಯ! ಮುಂಭಾಗ ಕೆಳಗಿದೆ ಅಂತ ಗೊತ್ತಾಯ್ತು. ಆದರೆ ಎಷ್ಟು? ಇಲ್ಲಿ ಫೀಲರ್ ಗೇಜ್, ಅಂದರೆ ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು, ನೆರವಿಗೆ ಬರುತ್ತೆ. ರಸಮಟ್ಟದ ಮುಂದಿನ ತುದಿಯ ಕೆಳಗೆ ಒಂದೊಂದೇ ಎಲೆ ತೂರಿಸುತ್ತಾ ಹೋದೆ. 0.05ಕ್ಕೆ ಗುಳ್ಳೆ ಕಾಣಲಿಲ್ಲ. 0.10ಕ್ಕೆ ಅಂಚಿನಲ್ಲಿ ಇಣುಕಿತು. 0.15ಕ್ಕೆ ನಿಧಾನವಾಗಿ ತೇಲಿಬಂದು ಮಧ್ಯದಲ್ಲಿ ನಿಂತಿತು. ಪ್ರತಿ ಸಲ ಗುಳ್ಳೆ ನಿಲ್ಲಲು ಅರ್ಧ ನಿಮಿಷ ಕೊಡಬೇಕು. ರಸಮಟ್ಟದ ಮೈಗೆ ಕೈ ಬಿಸಿ ತಾಗದ ಹಾಗೆ ತುದಿಯಲ್ಲಿ ಮಾತ್ರ ಹಿಡಿಯಬೇಕು.

ಈಗ ಲೆಕ್ಕ. ರಸಮಟ್ಟದ ಅಡಿ 200 ಮಿ.ಮೀ. ಅದಕ್ಕೆ 0.15 ಅಂದರೆ ಮೀಟರಿಗೆ 0.75 ವಾಲಿದೆ. ಟೂಲಿನ ಮೊನೆ ಬೆಡ್ಡಿನಿಂದ ಸುಮಾರು 165 ಮಿ.ಮೀ. ಮೇಲಿದೆ. ಹಾಗಾಗಿ ಆ ತುದಿಯಲ್ಲಿ ಮೊನೆ ನನ್ನ ಕಡೆಗೆ 0.75 × 0.165, ಅಂದರೆ 0.124 ಸರಿದಿದೆ. ಇದು 1200 ಮಿ.ಮೀ. ಉದ್ದಕ್ಕೆ. ನನ್ನ ಎರಡು ಕಾಲರ್ ನಡುವಿನ 150 ಮಿ.ಮೀ.ಗೆ ಅದರ ಎಂಟನೇ ಒಂದು ಪಾಲು, 0.0155. ವ್ಯಾಸದಲ್ಲಿ ಇಮ್ಮಡಿ, 0.031. ಮೈಕ್ರೋಮೀಟರ್ ಹೇಳಿದ್ದೂ ಅಷ್ಟೇ! ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಅಂಕಿ ಸಿಕ್ಕಾಗ ಆಗುವ ಖುಷಿ ಬೇರೆಯೇ. ದೋಷವೆಲ್ಲ ಬೆಡ್ಡಿನ ತಿರುಚಿನದು, ಹೆಡ್‌ಸ್ಟಾಕಿನದು ಏನೂ ಇಲ್ಲ ಅಂತ ಸ್ಪ್ಯಾನರ್ ಎತ್ತುವ ಮೊದಲೇ ಖಾತ್ರಿಯಾಯ್ತು.

ಇಷ್ಟು ದಪ್ಪ ಬೀಡಿನ ಬೆಡ್ ತಿರುಚುತ್ತಾ ಅಂತ ಕೇಳುವವರಿದ್ದಾರೆ. ತಿರುಚುತ್ತೆ. ಸಮ ಇಲ್ಲದ ನೆಲದ ಮೇಲೆ ಹಗ್ಗದ ಮಂಚ ಇಟ್ಟರೆ ಅದು ನೆಲಕ್ಕೆ ಹೊಂದಿಕೊಂಡು ಕೂರುವ ಹಾಗೆ, ಲೇತೂ ತನ್ನ ಭಾರಕ್ಕೇ ನೆಲದ ಆಕಾರ ತಾಳುತ್ತೆ. ನಾವು ಮಾತಾಡುತ್ತಿರುವುದು ಕೂದಲೆಳೆಯಷ್ಟರ ಲೆಕ್ಕ ಅಲ್ವಾ.

ಟೈಲ್‌ಸ್ಟಾಕ್ ತುದಿಯ ಮುಂದಿನ ಕಾಲನ್ನು ಎತ್ತಬೇಕು. ಮುಂದಿನ ಹಿಂದಿನ ಕಾಲುಗಳ ನಡುವೆ 400 ಮಿ.ಮೀ. ಇದೆ. 0.75 × 0.4 ಅಂದರೆ 0.3 ಮಿ.ಮೀ. ಬೋಲ್ಟ್ ಎಂ16, ಒಂದು ಸುತ್ತಿಗೆ 2 ಮಿ.ಮೀ. ಏರುತ್ತೆ. ಲೆಕ್ಕಕ್ಕೆ ಆರೇಳರಲ್ಲಿ ಒಂದು ಸುತ್ತು ಸಾಕು. ನಿಜದಲ್ಲಿ ಕೆಳಗಿನ ಸ್ಟ್ಯಾಂಡೂ ಸ್ವಲ್ಪ ಬಳುಕುತ್ತೆ, ಹಾಗಾಗಿ ಕಾಲು ಸುತ್ತಿನವರೆಗೆ ಹೋಯ್ತು. ಬೋಲ್ಟಿನ ಕೆಳಗೆ ದಪ್ಪ ಉಕ್ಕಿನ ಪ್ಲೇಟ್ ಇರಲೇಬೇಕು. ಇಲ್ಲದಿದ್ದರೆ ಬೋಲ್ಟ್ ತುದಿ ಕಾಂಕ್ರೀಟನ್ನು ಕೊರೆದು ಇಳಿಯುತ್ತೆ. ಚೂರು ತಿರುಗಿಸು, ಲಾಕ್ ನಟ್ ಬಿಗಿ ಮಾಡು, ಮತ್ತೆ ಹೆಡ್‌ಸ್ಟಾಕ್ ತುದಿ ನೋಡು, ಮತ್ತೆ ಈ ತುದಿ ನೋಡು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ತುಸು ಅಲ್ಲಾಡುತ್ತೆ. ಲಾಕ್ ನಟ್ ಬಿಗಿದಾಗಲೂ ಒಂದೆರಡು ಗೆರೆ ಸರಿಯುತ್ತೆ. ಇದಕ್ಕೆ ಅವಸರ ಕೂಡದು. ಅಂದ ಹಾಗೆ, ಲೇತು ಭೂಮಿಗೆ ಸಮ ಇರಲೇಬೇಕು ಅಂತೇನೂ ಇಲ್ಲ. ಎರಡು ತುದಿಯೂ ಒಂದೇ ಕಡೆಗೆ ಒಂದೇ ಅಳತೆ ವಾಲಿದ್ದರೂ ಕೆಲಸಕ್ಕೆ ತೊಂದರೆ ಇಲ್ಲ. ಗುಳ್ಳೆ ಮಧ್ಯಕ್ಕೆ ತರುವುದು ಹೋಲಿಸಲು ಸುಲಭ ಅಂತ ಮಾತ್ರ.

ರಸಮಟ್ಟ ಎರಡೂ ಕಡೆ ಒಂದೇ ಹೇಳಿದ ಮೇಲೆ ಮತ್ತೆ ಎರಡು ಕಾಲರ್ ಕಟ್. ವ್ಯತ್ಯಾಸ 0.003ಕ್ಕೆ ಇಳಿದಿತ್ತು. ಇನ್ನು ರಸಮಟ್ಟ ಪಕ್ಕಕ್ಕಿಟ್ಟು ಕಟ್ ಹೇಳಿದ್ದನ್ನೇ ಕೇಳಬೇಕು. ಬೋಲ್ಟನ್ನು ಮತ್ತೆ ಕಾಣದಷ್ಟು ತಿರುಗಿಸಿ, ಕಟ್ ಕೊಟ್ಟು, ಅಳೆದು, 0.001ಕ್ಕೆ ತಂದು ನಿಲ್ಲಿಸಿದೆ. ಈಗ ಟೈಲ್‌ಸ್ಟಾಕ್ ತುದಿಯಲ್ಲಿ ಗುಳ್ಳೆ ಎರಡು ಗೆರೆ ಆಚೆ ನಿಂತಿದೆ. ನಿಲ್ಲಲಿ. ಬೇಕಾದ್ದು ಜಾಬ್ ಸರಿ ಬರುವುದು.

ಸ್ಪಿಂಡಲ್, ಫೇಸಿಂಗ್

ಸ್ಪಿಂಡಲ್ ಬೇರಿಂಗಿನ ಪರೀಕ್ಷೆ ಬೇಗ ಮುಗಿಯಿತು. ಲೇತನ್ನು ಅರ್ಧ ಗಂಟೆ ಮಧ್ಯಮ ಸ್ಪೀಡಿನಲ್ಲಿ ಓಡಿಸಿ ಬಿಸಿ ಮಾಡಿ ನಿಲ್ಲಿಸಿದೆ. ಚಕ್‌ನಲ್ಲಿ ದಪ್ಪ ಬಾರ್ ಹಿಡಿದು, ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಬೆಡ್ ಮೇಲೆ ನಿಲ್ಲಿಸಿ ಚಕ್ಕಿನ ಮೈಗೆ ತಾಗಿಸಿದೆ. ಬಾರಿನ ಕೆಳಗೆ ಮರದ ರೀಪು ಕೊಟ್ಟು ಮೇಲಕ್ಕೆ ಎತ್ತಿದರೆ ಮುಳ್ಳು ಒಂದು ಗೆರೆ, 0.01 ಸರಿದು, ಬಿಟ್ಟ ಕೂಡಲೇ ವಾಪಸ್ ಬಂತು. ವಾಪಸ್ ಬಂದರೆ ಅದು ಕಬ್ಬಿಣದ ಬಳುಕು. ವಾಪಸ್ ಬಾರದೆ ಅಲ್ಲೇ ನಿಂತರೆ ಬೇರಿಂಗಿನಲ್ಲಿ ಆಟ ಇದೆ ಅಂತ. ಸ್ಪಿಂಡಲ್ ಬಾಯಿಯಲ್ಲಿ ಬೇಕೆಂದೇ ಮಾಡಿರುವ ಟೇಪರ್ ತೂತಿನ ಒಳಗೆ ಡಯಲ್ ಹಾಕಿ ಕೈಯಿಂದ ತಿರುಗಿಸಿದರೆ ಮುಳ್ಳು ಅರ್ಧ ಗೆರೆ ಮಾತ್ರ ಆಡಿತು. ಈ ವಯಸ್ಸಿನ ಲೇತಿಗೆ ಇದು ಬಹಳ ಚೆನ್ನಾಗಿದೆ. ಬೇರಿಂಗ್ ಬಿಗಿಮಾಡುವ ನಟ್ ಮುಟ್ಟಲಿಲ್ಲ.

ಫೇಸಿಂಗ್ (ಮುಖವನ್ನು ಚಪ್ಪಟೆಯಾಗಿ ಕೊಯ್ಯುವುದು) ಪರೀಕ್ಷೆಗೆ 250 ಮಿ.ಮೀ. ವ್ಯಾಸದ ಬೀಡಿನ ಪ್ಲೇಟ್ ಒಂದನ್ನು ಚಕ್‌ನಲ್ಲಿ ಹಿಡಿದು, ಕ್ಯಾರೇಜ್ ಲಾಕ್ ಮಾಡಿ, ಒಂದೇ ಕಟ್‌ನಲ್ಲಿ ಫೇಸ್ ಮಾಡಿದೆ. ಆಮೇಲೆ ಟೂಲ್ ಜಾಗದಲ್ಲಿ ಡಯಲ್ ಹಿಡಿದು ಕ್ರಾಸ್ ಸ್ಲೈಡ್ ಓಡಿಸಬೇಕು. ಮುಂದಿನ ಅರ್ಧದಲ್ಲಿ ಓಡಿಸಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಅದೇ ದಾರಿಯಲ್ಲಿ ಟೂಲ್ ಓಡಿ ಕೊಯ್ದಿದ್ದಲ್ವಾ? ಡಯಲ್ ಮಧ್ಯ ದಾಟಿ ಹಿಂದಿನ ಅರ್ಧಕ್ಕೆ ಹೋದಾಗಲೇ ನಿಜ ಗೊತ್ತಾಗುವುದು. ಅಲ್ಲಿ ದೋಷ ಇಮ್ಮಡಿಯಾಗಿ ಕಾಣುತ್ತೆ. ನನಗೆ ಕಂಡದ್ದು 0.02, ಅಂದರೆ ನಿಜವಾದ ಗುಳಿ 0.01.

ಗುಳಿ ಇದ್ದರೆ ಒಳ್ಳೆಯದು, ಉಬ್ಬು ಇರಕೂಡದು. ಗುಳಿ ಇದ್ದ ಮುಖ ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತೆ, ಉಬ್ಬಿದ ಮುಖ ಮಧ್ಯದಲ್ಲಿ ಆಡುತ್ತೆ. ಜರ್ಮನಿಯ ಜಾರ್ಜ್ ಶ್ಲೆಸಿಂಗರ್ 1927ರಲ್ಲಿ ಮಷಿನ್ ಟೂಲ್‌ಗಳಿಗೆ ಪರೀಕ್ಷಾ ಪಟ್ಟಿ ಮಾಡಿಕೊಟ್ಟರು. ಆಗಿನಿಂದಲೂ ಲೇತಿಗೆ ಇದೇ ನಿಯಮ: ತಪ್ಪು ಇದ್ದರೆ ಒಂದೇ ದಿಕ್ಕಿಗೆ ಇರಬೇಕು. ಬಳಕೆಯಲ್ಲಿ ಸವೆಯುವ ದಿಕ್ಕು ಯಾವುದೋ ಅದಕ್ಕೆ ಎದುರು ದಿಕ್ಕಿನಲ್ಲಿ ಹೊಸ ಮಷಿನ್ನಿಗೆ ತುಸು ಅಂಚು ಬಿಟ್ಟಿರುತ್ತಾರೆ. ಹಳೆಯ ಕಾರ್ಖಾನೆಗಳ ಸ್ಕ್ರೇಪಿಂಗ್ ಕೆಲಸದವರು ಈ ಮೈಕ್ರಾನ್‌ಗಳನ್ನು (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕೈಯಲ್ಲಿ ಕೆರೆದು ತರುತ್ತಿದ್ದರು ಅನ್ನುವುದನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತೆ.

ಗಿಬ್ ಮತ್ತು ಬ್ಯಾಕ್‌ಲ್ಯಾಶ್

ಕ್ರಾಸ್ ಸ್ಲೈಡ್ ಗಿಬ್ (ಸ್ಲೈಡಿನ ಆಟ ತುಂಬುವ ಪಟ್ಟಿ) ಸಡಿಲ ಇತ್ತು. ಟೂಲ್ ಪೋಸ್ಟ್ ಹಿಡಿದು ಅಲ್ಲಾಡಿಸಿದರೆ ಡಯಲ್‌ನಲ್ಲಿ 0.04. ಇದು ಟೇಪರ್ ಗಿಬ್, ಎರಡು ತುದಿಗೂ ಒಂದೊಂದು ಸ್ಕ್ರೂ. ತೆಳು ತುದಿಯ ಸ್ಕ್ರೂ ಸಡಿಲಿಸಿ, ದಪ್ಪ ತುದಿಯದನ್ನು ಬಿಗಿಮಾಡುತ್ತಾ ಹೋದರೆ ಗಿಬ್ ಒಳಕ್ಕೆ ಸರಿದು ಆಟ ತೆಗೆಯುತ್ತೆ. ಆಮೇಲೆ ತೆಳು ತುದಿಯ ಸ್ಕ್ರೂ ಬಿಗಿದು ಗಿಬ್ಬನ್ನು ಎರಡೂ ಕಡೆಯಿಂದ ಹಿಡಿಸಬೇಕು. ಬಿಚ್ಚಿ ತೊಳೆದಾಗ ಒಳಗೆ ಒಣಗಿದ ಎಣ್ಣೆ, ಬೀಡಿನ ಪುಡಿ ಸೇರಿ ಕಪ್ಪು ಅಂಟಾಗಿತ್ತು. ಅದನ್ನು ತೆಗೆಯದೆ ಬಿಗಿ ಮಾಡಿದ್ದರೆ ಆ ಅಂಟನ್ನೇ ಬಿಗಿ ಮಾಡಿದ ಹಾಗೆ ಆಗುತ್ತಿತ್ತು.

ಎಷ್ಟು ಬಿಗಿ ಅನ್ನುವುದು ಕೈಗೆ ಗೊತ್ತಾಗಬೇಕು. ಸ್ಲೈಡನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ ನೋಡಿ. ದಿನಾ ಓಡಾಡುವ ಮಧ್ಯಭಾಗ ಹೆಚ್ಚು ಸವೆದಿರುತ್ತೆ. ಅಲ್ಲಿ ಸರಿಯಾಗಿ ಬಿಗಿ ಮಾಡಿದರೆ ಸವೆಯದ ತುದಿಯಲ್ಲಿ ಕಚ್ಚಿಕೊಳ್ಳುತ್ತೆ. ತುದಿಯಲ್ಲೂ ತುಸು ಭಾರವಾಗಿ ಓಡುವಷ್ಟಕ್ಕೆ ನಿಲ್ಲಿಸಿದೆ.

ಬ್ಯಾಕ್‌ಲ್ಯಾಶ್, ಅಂದರೆ ಹಿಡಿಯ ದಿಕ್ಕು ಬದಲಿಸಿದಾಗ ಸ್ಲೈಡ್ ಓಡದೆ ಖಾಲಿ ಹೋಗುವ ಅಳತೆ, 0.15 ಇತ್ತು, ಹಾಗೇ ಬಿಟ್ಟೆ. ಅದಕ್ಕೆ ಹೆದರಬೇಕಿಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ, ಟೂಲನ್ನು ಒಳಕ್ಕೆ ತರುತ್ತಾ ಅಂಕಿಗೆ ನಿಲ್ಲಿಸಿದರೆ ಆಯ್ತು. ಅಂಕಿ ದಾಟಿದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಹೋಗಬೇಕು. ಕ್ರಾಸ್ ಸ್ಲೈಡ್ ಮೇಲೆ ಕೂತ, ಕೋನಕ್ಕೆ ತಿರುಗಿಸಬಹುದಾದ ಕಾಂಪೌಂಡ್ ಸ್ಲೈಡನ್ನು ಜಾಬಿನ ಉದ್ದದ ಗೆರೆಗೆ 5 ಡಿಗ್ರಿ 44 ಮಿನಿಟಿಗೆ ತಿರುಗಿಸಿಟ್ಟರೆ, ಅದರ ಹಿಡಿಯಲ್ಲಿ 0.1 ತಿರುಗಿಸಿದಾಗ ಟೂಲ್ ಒಳಕ್ಕೆ ಹೋಗುವುದು 0.01 ಮಾತ್ರ. ಬೇರಿಂಗ್ ಸೀಟಿನ ಕೊನೆಯ ಕಟ್ಟಿಗೆ ಇದರಷ್ಟು ಉಪಯೋಗ ಬೇರೆ ಯಾವುದೂ ಇಲ್ಲ.

ಕೊನೆಗೆ ಟೈಲ್‌ಸ್ಟಾಕ್

ಬೆಡ್ ನೇರವಾದ ಮೇಲೆ ಎರಡು ಸೆಂಟರ್ ನಡುವೆ ಬಾರ್ ಹಿಡಿದು ಉದ್ದಕ್ಕೂ ತೆಳು ಕಟ್ ಕೊಟ್ಟೆ. ಟೈಲ್‌ಸ್ಟಾಕ್ ತುದಿ 0.02 ದಪ್ಪ ಬಂತು. ತುದಿ ದಪ್ಪ ಬಂದರೆ ಟೈಲ್‌ಸ್ಟಾಕನ್ನು ನಮ್ಮ ಕಡೆಗೆ, ತೆಳು ಬಂದರೆ ಆಚೆಗೆ ಸರಿಸಬೇಕು. ಸರಿಸುವುದು ವ್ಯತ್ಯಾಸದ ಅರ್ಧ, ಇಲ್ಲಿ 0.01. ಬ್ಯಾರಲ್‌ಗೆ (ಸೆಂಟರ್ ಹಿಡಿಯುವ ಕೊಳವೆ) ಡಯಲ್ ತಾಗಿಸಿಕೊಂಡು ಪಕ್ಕದ ಸ್ಕ್ರೂ ತಿರುಗಿಸಿದೆ. ಬ್ಯಾರಲನ್ನು ಲಾಕ್ ಮಾಡಿಯೇ ಅಳೆಯಬೇಕು, ಯಾಕಂದರೆ ಲಾಕ್ ಮಾಡಿದಾಗ ಅದು ಚೂರು ಸರಿಯುತ್ತೆ.

ಟೈಲ್‌ಸ್ಟಾಕ್ ಎತ್ತರದಲ್ಲಿ 0.05 ಇಳಿದಿದೆ, ಸವೆತದಿಂದ. ಎತ್ತರ ತುಂಬಲು ಶಿಮ್ (ತೆಳು ತಗಡು) ಹಾಕಲಿಲ್ಲ. 25 ಮಿ.ಮೀ. ಶಾಫ್ಟಿನಲ್ಲಿ ಸೆಂಟರ್ 0.05 ಪಕ್ಕಕ್ಕೆ ಸರಿದರೆ ವ್ಯಾಸ 0.1 ಕೆಡುತ್ತೆ. ಅದೇ 0.05 ಕೆಳಗೆ ಇಳಿದರೆ ವ್ಯಾಸಕ್ಕೆ ಬರುವ ವ್ಯತ್ಯಾಸ ಒಂದು ಮೈಕ್ರಾನಿನೊಳಗೆ. ಡ್ರಿಲ್ ಮಾಡುವಾಗ ಮಾತ್ರ ತೂತು ತುಸು ದೊಡ್ಡದಾಗಬಹುದು. ಎಲ್ಲ ತಪ್ಪಿಗೂ ಒಂದೇ ತೂಕ ಇಲ್ಲ. ಜಾಬಿನ ಮೇಲೆ ಬೀಳುವ ತಪ್ಪಿಗೆ ಮೊದಲು ಸಮಯ ಕೊಡಬೇಕು.

ಹೌಸಿಂಗ್ ಮತ್ತೆ ಬೋರ್ ಮಾಡಿದ್ದು

ಹೊಸ ಪೈಪ್ ತುಂಡು ಹಿಡಿದೆ. ಎಚ್‌ಎಸ್‌ಎಸ್ ಬೋರಿಂಗ್ ಟೂಲಿಗೆ ಮೆತು ಉಕ್ಕಿನಲ್ಲಿ ನಿಮಿಷಕ್ಕೆ 30 ಮೀಟರ್ ವೇಗ ಇಟ್ಟರೆ 52 ವ್ಯಾಸಕ್ಕೆ ಸುಮಾರು 180 ಆರ್‌ಪಿಎಂ ಬರುತ್ತೆ. ಗೇರ್ ಬಾಕ್ಸಿನಲ್ಲಿ ಅದಕ್ಕೆ ಹತ್ತಿರದ ಕಡಿಮೆ ಸ್ಪೀಡು ಹಾಕಿದೆ. ಬೋರಿಂಗ್ ಬಾರ್ ಎಷ್ಟು ದಪ್ಪ ಹಿಡಿಸುತ್ತೋ ಅಷ್ಟು ದಪ್ಪದ್ದು ಹಾಕಬೇಕು. ರಫಿಂಗ್ ಮುಗಿಸಿ ಕೊನೆಗೆ ಎರಡು ಸಮ ಕಟ್ ಉಳಿಯುವ ಹಾಗೆ ನಿಲ್ಲಿಸಿದೆ. ಮೊದಲ ಕಟ್ ತೆಗೆದು ಅಳೆದು, ಅದೇ ಆಳದ ಎರಡನೆಯ ಕಟ್ ಕೊಟ್ಟರೆ ಬಾರ್ ಅಷ್ಟೇ ಬಳುಕುತ್ತೆ, ಹಾಗಾಗಿ ಅಂಕಿ ಮೋಸ ಮಾಡುವುದಿಲ್ಲ.

ಬಿಸಿಯಿದ್ದಾಗ ಅಳೆಯಬೇಡಿ. 52 ಮಿ.ಮೀ. ಉಕ್ಕು 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 0.018 ದೊಡ್ಡದಾಗಿರುತ್ತೆ. ಎಚ್7ರ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯ್ತು. ಕೂಲೆಂಟ್ ಹರಿಸಿ, ಕೈಗೆ ತಣ್ಣಗೆ ಅನಿಸುವ ತನಕ ಕಾದು ಆಮೇಲೆ ಬೋರ್ ಗೇಜ್ ಹಾಕಿದೆ. ಅಳೆಯುವಾಗೆಲ್ಲ ಮೋಟಾರ್ ಸ್ವಿಚ್ ಆಫ್, ಚಕ್ ಬಿಗಿಯುವ ಕೀಲಿ ಕೈಯಲ್ಲಿ ಅಥವಾ ಅದರ ಗೂಟದಲ್ಲಿ. ಚಕ್‌ನಲ್ಲಿ ಬಿಟ್ಟ ಕೀಲಿ ಗುಂಡಿನ ವೇಗದಲ್ಲಿ ಹಾರಿ ಬರುತ್ತೆ. ತಿರುಗುವ ಚಕ್ ಹತ್ತಿರ ಕೈಗವಸೂ ಬೇಡ, ತುಂಬು ತೋಳಿನ ಅಂಗಿಯೂ ಬೇಡ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ಮಷಿನ್ ಮುಟ್ಟುವ ಮೊದಲೇ ಇದನ್ನು ಹೇಳುತ್ತೇನೆ.

ಚಕ್ ಕಡೆ 52.012, ಬಾಯಿ ಕಡೆ 52.013. ಎರಡೂ ಬೇರಿಂಗ್ ಹೆಬ್ಬೆರಳಲ್ಲಿ ಒತ್ತಿದರೆ ಒಂದೇ ಬಿಗಿಯಲ್ಲಿ ಒಳಗೆ ಜಾರಿದವು.

ಕಾಂಕ್ರೀಟ್ ಹೊಸದು, ಇನ್ನೂ ಕೂರುತ್ತೆ. ಅದಕ್ಕೆ ಆ ಎರಡು ಕಾಲರ್ ಬಾರನ್ನು ಎಣ್ಣೆ ಸವರಿ ಎತ್ತಿಟ್ಟಿದ್ದೇನೆ. ತಿಂಗಳಿಗೊಮ್ಮೆ ಒಂದು ತೆಳು ಕಟ್ ಕೊಟ್ಟರೆ ಬೆಡ್ ಎಲ್ಲಿದೆ ಅಂತ ಗೊತ್ತಾಗುತ್ತೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಖಂಡಿತ ನೋಡಬೇಕು, ಮಲೆನಾಡ ಅಂಚಿನ ನೆಲ ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಇಳಿಯುತ್ತೆ. ಉಳಿದಿರುವ ಕೆಲಸ ಹಾಫ್ ನಟ್‌ನದು, ಅಂದರೆ ಥ್ರೆಡ್ ಕೊಯ್ಯುವಾಗ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಹಿಡಿಸುವ ಭಾಗದ್ದು. ಲೀಡ್ ಸ್ಕ್ರೂ ಮೇಲೆ ಅದು ತುಸು ಸಡಿಲ ಹಿಡಿಯುತ್ತಿದೆ. ಥ್ರೆಡ್ಡಿಂಗ್ ಜಾಬ್ ಬರುವಷ್ಟರಲ್ಲಿ ಅದನ್ನು ಬಿಚ್ಚಬೇಕು.